ಬೆನ್ನು ಬಾಗಿದವಳ ಕಥೆಯನ್ನು ಪೂರ್ತಿ ಓದಿದ ದಿನ

ಬೆನ್ನುನೋವು ಯಾರಿಗಿಲ್ಲ ಹೇಳಿ? ಕೂತವರಿಗೂ ಉಂಟು, ನಿಂತವರಿಗೂ ಉಂಟು. ಆದರೆ ಇಸ್ತ್ರಿ ಅಕ್ಕನ ಬೆನ್ನುನೋವು ಇಡೀ ಬೀದಿಗೆ ಗೊತ್ತಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಆಕೆ ಹನ್ನೊಂದು ವರ್ಷದಿಂದ ಇಸ್ತ್ರಿ ಮಾಡುತ್ತಿದ್ದಳು. ಬೆಳಿಗ್ಗೆ ಎಂಟಕ್ಕೆ ಮೇಜಿನ ಮೇಲೆ ಬಗ್ಗಿದರೆ ಸಂಜೆ ಐದಕ್ಕೆ ಏಳಬೇಕು. ಈಚೆಗಂತೂ ಐದಾದರೂ ಪೂರ್ತಿ ನೆಟ್ಟಗಾಗಲು ಆಗುತ್ತಿರಲಿಲ್ಲ.

ಅಲ್ಲಿನ ಸೂಪರ್‌ವೈಸರಿಗೆ ಹೆಂಗಸರು ಇಟ್ಟ ಹೆಸರು ಗಡಿಯಾರ. ಮಾತಿಗೊಮ್ಮೆ ಕೈಗಡಿಯಾರ ನೋಡುವ ಆಸಾಮಿ. ಶನಿವಾರ ಆತ ಅಕ್ಕನ ಪಕ್ಕಕ್ಕೆ ಬಂದು ನಿಂತ.

"ಮೊದಲು ದಿನಕ್ಕೆ ನೂರು ಹೊದಿಕೆ ಮುಗಿಸ್ತಿದ್ದೆ. ಈಗ ಎಪ್ಪತ್ತಕ್ಕೇ ಉಸ್ಸಪ್ಪಾ ಅಂತೀಯ. ಇನ್ನೊಂದು ವಾರ ನೋಡ್ತೀನಿ. ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ."

ಅಕ್ಕ ಮುಂದಿನ ಹೊದಿಕೆಯನ್ನು ಎಳೆದುಕೊಂಡಳು. ಆ ಕೆಲಸ ಹೋದರೆ ಮನೆ ಅರ್ಧ ಬಿದ್ದಂತೆ ಎಂಬುದು ಆಕೆಗೆ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಲಾಂಡ್ರಿಯ ಆರು ಹೆಂಗಸರು ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಸೇರಿ ಸುವಾರ್ತೆ ಓದುತ್ತಿದ್ದರು. ಒಬ್ಬರು ನಾಲ್ಕು ಸಾಲು ಓದಿ ಪಕ್ಕದವರ ಕೈಗೆ ಪುಸ್ತಕ ಕೊಡುವುದು ರೂಢಿ. ಇನ್ನೊಂದು ರೂಢಿಯೂ ಇತ್ತು. ಕುರುಡನಿಗೆ ಕಣ್ಣು ಬಂದರೆ, ಕುಂಟ ನಡೆದರೆ, ಅಲ್ಲಿಗೆ ಪುಸ್ತಕ ಮುಚ್ಚಿ ಪ್ರಾರ್ಥನೆ ಶುರು. ಒಳ್ಳೆಯದಾಯಿತಲ್ಲ, ಇನ್ನೇಕೆ ಮುಂದಕ್ಕೆ ಎಳೆಯಬೇಕು ಎನ್ನುವ ಲೆಕ್ಕ.

ಅಂದು ಬಂದದ್ದು ಬೆನ್ನು ಬಾಗಿದ ಹೆಂಗಸಿನ ಕಥೆ. ಹದಿನೆಂಟು ವರ್ಷ ನೆಟ್ಟಗೆ ನಿಲ್ಲಲಾರದವಳನ್ನು ಯೇಸು ಹತ್ತಿರ ಕರೆದ. ಕೈಯಿಟ್ಟ. ಅವಳು ನೆಟ್ಟಗಾದಳು. ಬಟ್ಟೆ ಮಡಚುವ ಹುಡುಗಿ ಅಷ್ಟು ಓದಿ ಪಟ್ಟನೆ ಪುಸ್ತಕ ಮುಚ್ಚಿದಳು. ಪ್ರಾರ್ಥನೆಗೆಂದು ಎಲ್ಲರ ಕೈಯೂ ಅಕ್ಕನ ಬೆನ್ನಿನ ಮೇಲೆ ಬಂತು.

"ಅಯ್ಯೋ, ಮುಚ್ಚಬೇಡ ಕಣೇ. ಇನ್ನೂ ಇದೆ," ಎಂದಳು ನರ್ಸಮ್ಮ. ಎದುರುಮನೆಯವಳು, ಆಸ್ಪತ್ರೆಯಲ್ಲಿ ಕೆಲಸ, ಆ ವಾರವಷ್ಟೇ ಓದಿಗೆ ಬಂದಿದ್ದವಳು.

"ನೆಟ್ಟಗಾದ್ಲಲ್ಲ, ಇನ್ನೇನಿದೆ?" ಎಂದಳು ಅಕ್ಕ.

"ಜಗಳ ಇದೆ," ಎಂದು ನರ್ಸಮ್ಮ ಮುಂದಕ್ಕೆ ಓದಿದಳು. ಅದು ಯಾರೂ ಕೆಲಸ ಮಾಡಬಾರದೆಂಬ ವಿಶ್ರಾಂತಿಯ ದಿನ. ಇದೆಲ್ಲ ನಡೆದ ಸಭಾಮಂದಿರದ ಅಧಿಕಾರಿಗೆ ಸಿಟ್ಟು ಬಂತು. ವಾರದಲ್ಲಿ ಕೆಲಸಕ್ಕೆ ಆರು ದಿನ ಇವೆ, ವಾಸಿಮಾಡಿಸಿಕೊಳ್ಳುವವರು ಆಗ ಬನ್ನಿ, ಇವತ್ತು ಬೇಡ ಎಂದ.

"ಯಾರಿಗೆ ಬೈದ ಹೇಳಿ?" ಎಂದು ನರ್ಸಮ್ಮ ಕೇಳಿದಳು.

"ಯೇಸುವಿಗೆ," ಎಂದಳು ಮಡಚುವ ಹುಡುಗಿ.

"ಸರಿಯಾಗಿ ನೋಡಿ."

ಹುಡುಗಿ ಸಾಲಿನ ಮೇಲೆ ಬೆರಳಿಟ್ಟು ನೋಡಿದಳು. "ಜನಕ್ಕೆ ಬೈತಾನೆ! ವಾಸಿಮಾಡಿದವನನ್ನ ಬಿಟ್ಟು ಬಡಪಾಯಿ ಜನಕ್ಕೆ!"

"ನಮ್ಮ ಗಡಿಯಾರನೇ ಕಣ್ರೇ ಇವ್ನು," ಎಂದು ಬಟ್ಟೆ ಒಗೆಯುವ ದೊಡ್ಡಮ್ಮ ತೊಡೆ ತಟ್ಟಿದಳು. "ಒಬ್ಬಳು ಗೋಡೆಗೆ ಒರಗಿದ್ರೆ ಆರೂ ಜನಕ್ಕೆ ಮಂಗಳಾರತಿ!"

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. "ದೇವರ ವಾಕ್ಯದೊಳಕ್ಕೆ ಲಾಂಡ್ರಿ ಯಾಕೆ ತರ್ತೀರಿ? ಪ್ರಾರ್ಥನೆ ಮಾಡಿ ಎದ್ದು ಹೋಗೋಣ. ಈ ಮಾತು ಅವನ ಕಿವಿಗೆ ಬಿದ್ರೆ ಮೊದಲು ಹೋಗೋದು ನನ್ನ ಅನ್ನ."

"ಪ್ರಾರ್ಥನೆ ಬೇಡ ಅಂದ್ನಾ ನಾನು?" ಎಂದಳು ನರ್ಸಮ್ಮ ಮೆಲ್ಲಗೆ. "ವಾಸಿಮಾಡಿ ಯೇಸು ಸುಮ್ನೆ ಹೋಗಬಹುದಿತ್ತು. ಹೋಗಲಿಲ್ಲ. ನೀವು ಇವತ್ತೂ ಎತ್ತಿನ ಹಗ್ಗ ಬಿಚ್ಚಿ ನೀರು ಕುಡಿಸ್ತೀರಿ, ಈ ಮಗಳ ಕಟ್ಟು ಬಿಚ್ಚಬಾರದಾ ಅಂತ ಎಲ್ಲರೆದುರು ಕೇಳಿದ. ವಿಶ್ರಾಂತಿ ದಿನ ಒಳ್ಳೇದೇ ಅಕ್ಕಾ. ದುಡಿಯೋರು ಉಸಿರಾಡ್ಲಿ ಅಂತಲೇ ಇರೋದು. ಅದನ್ನೇ ಹಿಡ್ಕೊಂಡು ಒಬ್ಬಳನ್ನ ಬಗ್ಗಿಸಿ ಇಡಬಾರದು ಅಂತ ಅವನ ಮಾತು. ಈಗ ನಿಮ್ಮನ್ನ ಬಗ್ಗಿಸಿ ಕಟ್ಟಿರೋದು ಏನು, ಅದನ್ನ ಹೇಳಿ."

"ವಯಸ್ಸು," ಎಂದಳು ಅಕ್ಕ.

"ನಂಗೆ ಇಪ್ಪತ್ತಮೂರು," ಎಂದಳು ಹುಡುಗಿ. "ನಂಗ್ಯಾಕೆ ನೋವು?"

ದೊಡ್ಡಮ್ಮ ಹಣೆ ಚಚ್ಚಿಕೊಂಡಳು. "ಮೇಜು ಕಣ್ರೇ! ಇಸ್ತ್ರಿಗೂ ಮಡಚೋಕೂ ಇರೋದು ಅದೊಂದೇ ಅಲ್ವಾ! ಹಳೇ ಕಟ್ಟಡದಿಂದ ಇಲ್ಲಿಗೆ ಬಂದಾಗ ಬಾಗಿಲಲ್ಲಿ ತೂರಲಿಲ್ಲ ಅಂತ ಅದರ ಕಾಲು ಗೇಣುದ್ದ ಕೊಯ್ಸಿದ್ರಲ್ಲ!"

ಅಕ್ಕನ ಮುಖ ಸಪ್ಪಗಾಯಿತು. ಗರಗಸ ಆಡುವಾಗ ಮೇಜು ಅಲುಗದಂತೆ ಒತ್ತಿ ಹಿಡಿದವಳು ಆಕೆಯೇ. ಬೇಗ ಮುಗಿಯಲಿ ಎಂದು ಹಿಡಿದಿದ್ದಳು. ಅಂದಿನಿಂದ ಬೆನ್ನಿಗೆ ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು, ದೇಹವನ್ನು ಬೈದುಕೊಂಡದ್ದೇ ಬೈದುಕೊಂಡದ್ದು. ಮೇಜನ್ನು ಮಾತ್ರ ಒಬ್ಬರೂ ಬೈದಿರಲಿಲ್ಲ. ಆಕೆಗೆ ಅಳು ಬಂತು, ಸಿಟ್ಟೂ ಬಂತು.

ಮೇಜು ಎತ್ತರಿಸಿ ಎಂದು ಕೇಳುತ್ತೇನೆ ಅಂತ ಸಂಜೆ ಗಂಡನಿಗೆ ಹೇಳಿದಳು. ಕಾವಲುಗಾರನಾದ ಆತ ತಲೆ ಕೆರೆದುಕೊಂಡ. "ಕೇಳಿ ಕೆಲಸ ಕಳ್ಕೊಂಡ್ರೆ?"

"ಕೇಳದಿದ್ರೂ ಶನಿವಾರ ಕಳ್ಕೋತೀನಿ. ಜೊತೆಗೆ ಬೆನ್ನನ್ನೂ."

ಗಂಡ, "ಒಬ್ಬಳೇ ಮಾತ್ರ ಹೋಗಬೇಡ," ಎಂದ.

ಸೋಮವಾರ ಎಂಟಕ್ಕೆ ಆರೂ ಜನ ಗಡಿಯಾರನ ಮುಂದೆ ನಿಂತರು. ಆತ ಕೈಗಡಿಯಾರ ನೋಡಿಕೊಂಡ. "ಈಗ ಕೆಲಸ ನೋಡಿ. ಏನಿದ್ರೂ ಸಂಜೆ ಮಾತಾಡೋಣ."

"ಸಂಜೆಗೆ ನಿಮ್ಮ ಮುಖ ನೋಡಕ್ಕೆ ನನ್ನ ಕತ್ತು ಏಳಲ್ಲ ಸಾರ್. ಈಗಲೇ ಮಾತಾಡೋಣ," ಎಂದಳು ಅಕ್ಕ. ಒಂದು ಹೊದಿಕೆ ಎಳೆದು ಮೇಜಿನ ಮೇಲೆ ಹಾಸಿದಳು. "ಈ ಮೇಜಿನ ಮೇಲೆ ನೀವೇ ಹತ್ತು ಹೊದಿಕೆ ಇಸ್ತ್ರಿ ಮಾಡಿ. ಆಮೇಲೆ ನನ್ನ ಕಳಿಸಿ."

ಹೆಂಗಸರ ಮುಂದೆ ಸೋಲುವುದುಂಟೇ? ಆತ ಅಂಗಿಯ ತೋಳು ಮಡಚಿ ಶುರುಮಾಡಿದ. ನಾಲ್ಕನೆಯದಕ್ಕೆ ಕೈ ಸೊಂಟಕ್ಕೆ ಹೋಯಿತು. ಆರನೆಯದಕ್ಕೆ, "ಇದೇನಿದು, ಇಷ್ಟು ತಗ್ಗು!" ಎಂದ. ಯಾರೂ ನಗಲಿಲ್ಲ. ನಗು ತಡೆದುಕೊಳ್ಳಲು ದೊಡ್ಡಮ್ಮ ಸೆರಗನ್ನು ಬಾಯಿಗೆ ತುರುಕಬೇಕಾಯಿತು, ಅಷ್ಟೇ.

ಮಧ್ಯಾಹ್ನಕ್ಕೆ ಬಡಗಿ ಬಂದ. ಮೇಜಿನ ಕಾಲುಗಳಿಗೆ ಮರದ ತುಂಡು ಸೇರಿಸಿದ. ಸರದಿಯ ಮೇಲೆ ಕೂರಲು ಎರಡು ಸ್ಟೂಲು ಬಂದವು. ಅಕ್ಕನ ಬೆನ್ನು ಒಂದೇ ಏಟಿಗೆ ವಾಸಿಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ವರ್ಷಗಟ್ಟಲೆ ಕೂತ ನೋವು ಒಂದು ವಾರದಲ್ಲಿ ಹೋಗುವುದಿಲ್ಲ. ಆದರೆ ಶನಿವಾರದ ಹೊತ್ತಿಗೆ ಕೈ ಚುರುಕಾಗಿತ್ತು, ಕೆಲಸ ಉಳಿಯಿತು. ಮಡಚುವ ಹುಡುಗಿ ಮಾತ್ರ ನೋವು ಪೂರ್ತಿ ಬಿಟ್ಟಿದೆ ಎಂದಳು. ಅದನ್ನು ಕೇಳಿದಾಗ ಅಕ್ಕನಿಗೆ ತನ್ನ ಕೆಲಸ ಉಳಿದದ್ದಕ್ಕಿಂತ ಹೆಚ್ಚು ಸಂತೋಷವಾಯಿತು.

ಅಕ್ಕಂದಿರೇ, ಅಣ್ಣಂದಿರೇ, ನೀವೂ ನಾಲ್ಕು ಜನ ಸೇರಿ ಸುವಾರ್ತೆ ಓದಿ. ಅದ್ಭುತ ಮುಗಿದ ಕೂಡಲೇ ಪುಸ್ತಕ ಮುಚ್ಚಬೇಡಿ. ಕಥೆಯಲ್ಲಿ ಬಾಗಿದವರು ಯಾರು, ಅವರು ಬಾಗಿಯೇ ಇರಲಿ ಎಂದವರು ಯಾರು ಅಂತ ಒಬ್ಬರನ್ನೊಬ್ಬರು ಕೇಳಿ. ಆಮೇಲೆ ನೀವು ದುಡಿಯುವ ಜಾಗವನ್ನು ಒಮ್ಮೆ ಕಣ್ಣಿಟ್ಟು ನೋಡಿ. ಕೇಳುವುದಿದ್ದರೆ ಒಟ್ಟಿಗೆ ಹೋಗಿ ಕೇಳಿ. ಪ್ರಾರ್ಥನೆಗೆ ಸೇರಿದಷ್ಟು ಕೈ ಸಾಕು, ಒಂದು ಮೇಜು ಎತ್ತರಿಸಲು.