ಮೈಕಿನಲ್ಲಿ ಕರೆದರೆ ಕರೆದಂತೆಯೇ?

ಹೊಸನಗರದ ಅಡಿಕೆ ಹಾಳೆತಟ್ಟೆ ಕಾರ್ಖಾನೆಯಲ್ಲಿ ಬೆಳಿಗ್ಗೆ ಮೈಕ್ ಹಿಡಿಯುವುದು ಸುಪ್ರಿಯಾಳ ಕೆಲಸ. ಕಂಪನಿ ನೆದರ್‌ಲ್ಯಾಂಡ್ಸಿನದು; ಅಲ್ಲಿಯ ಕಚೇರಿಯ ಪ್ರಕಟಣೆಗಳೆಲ್ಲ ಡಚ್ ಭಾಷೆಯಲ್ಲೇ ಇಲ್ಲಿಗೂ ಬರುತ್ತವೆ. ಮೊಬೈಲ್ ನೋಡಿ ಡಚ್ ಕಲಿತ ಸುಪ್ರಿಯಾ ಅವನ್ನು ಕನ್ನಡದಲ್ಲಿ ಓದಬೇಕು. ಅಲ್ಲಿಯ ಕಾಫಿ ಯಂತ್ರ ಕೆಟ್ಟಿದ್ದನ್ನೂ ಅವಳು ಗಂಭೀರವಾಗಿ ಓದಿದಾಗ ಹೆಂಗಸರು ಬಿದ್ದು ಬಿದ್ದು ನಕ್ಕಿದ್ದರು.

ಇವತ್ತು ಮಾತ್ರ ಖುಷಿಗೆ ಎರಡೆರಡು ಸಲ ಓದಿದಳು. ಸಾರು ಚೆಲ್ಲದ ಹಾಗೆ ಇಲ್ಲಿಯ ಕೆಲಸಗಾರ್ತಿ ಮೀನಾಕ್ಷಮ್ಮ ಅಂಚು ಎತ್ತಿ ಮಾಡಿದ ತಟ್ಟೆಯೇ ಕಂಪನಿಯ ಹೊಸ ಮಾದರಿ! ಮಧ್ಯಾಹ್ನ ಮೂರಕ್ಕೆ ಅಲ್ಲಿಯ ಮುಖ್ಯಸ್ಥೆ ಮರೈಕೆ ವಿಡಿಯೊದಲ್ಲಿ ಅಭಿನಂದಿಸುತ್ತಾಳೆ, ಎಲ್ಲರಿಗೂ ಸ್ವಾಗತ.

ಮೀನಾಕ್ಷಮ್ಮ ಹೊಸ ಮನೆಗೆ ಬಣ್ಣ ಹೊಡೆಸಲು ರಜೆ ಹಾಕಿದ್ದಳು. ಈಗಿರುವ ಹಳೇ ಮನೆ ರಸ್ತೆಯಾಚೆಗೇ, ಮೈಕ್ ಕೇಳಿಸದೆ ಇರುವುದುಂಟೇ? ಆದರೆ ಮೂರು ಸಮೀಪಿಸಿದರೂ ಆಕೆಯ ಸುಳಿವಿಲ್ಲ.

"ಹೇಳಿದ್ದಾಯ್ತಲ್ಲ. ಅವ್ಳು ಬರದಿದ್ರೆ ನಾನೇ ನಿಂತ್ಕೊಳ್ತೀನಿ ಬಿಡು," ಎಂದು ಮ್ಯಾನೇಜರ್ ಪೂರ್ಣೇಶ್ ತಲೆ ಬಾಚತೊಡಗಿದ. ಬೆವರು ಒಬ್ಬಳದು, ಹಾರ ಇವನಿಗೆ! ಸುಪ್ರಿಯಾಳಿಗೆ ಮೈಯೆಲ್ಲ ಉರಿಯಿತು. ಓಡಿದಳು.

ಮೀನಾಕ್ಷಮ್ಮ ರೇಷ್ಮೆ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದಳು.

"ಕೇಳಿಸ್ಲಿಲ್ವಾ ಅಮ್ಮಾ?"

"ಕೇಳ್ತು ಮಾರಾಯ್ತಿ. ಬೆಳಿಗ್ಗೆಯಿಂದ ಹೊರಟೇ ಕೂತಿದೀನಿ. ಎಲ್ರೂ ಬನ್ನಿ ಅಂದ್ರೆ ನುಗ್ಗಿಬಿಡೋದಾ? ಮನೆಗೆ ಬಂದು ಯಾರು ಕರೆದ್ರು?"

ಸುಪ್ರಿಯಾಳಿಗೆ ನಾಚಿಕೆಯಾಯಿತು. ಬಾಗಿಲಿಗೆ ಬಂದು ಕುಂಕುಮ ಕೊಟ್ಟು ಕರೆಯದಿದ್ದರೆ ಪಕ್ಕದ ಮನೆಯ ಮದುವೆಗೂ ಹೋಗದ ಊರಿದು. ಡಚ್ ಕಲಿಯುವ ಭರದಲ್ಲಿ ತನ್ನೂರನ್ನೇ ಮರೆತಿದ್ದಳು. ಬರಿಗೈಲಿ ಬಂದಿದ್ದವಳು ಮೀನಾಕ್ಷಮ್ಮನ ದೇವರ ಗೂಡಿನ ಕುಂಕುಮವನ್ನೇ ತಂದು ಆಕೆಯ ಹಣೆಗಿಟ್ಟು, "ನೀವೇ ಬರ್ಬೇಕು," ಎಂದಳು. ಮೀನಾಕ್ಷಮ್ಮ ತಟ್ಟನೆ ಎದ್ದಳು. ಕುಂಕುಮದ ಭರಣಿಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಪರದೆಯಲ್ಲಿ ಮರೈಕೆ ಚಪ್ಪಾಳೆ ತಟ್ಟಿದಳು. ಹಿಂದೆ ಕಚೇರಿಗೆ ಕಚೇರಿಯೇ ತಟ್ಟಿತು. ಮೀನಾಕ್ಷಮ್ಮ ಭರಣಿ ತೆಗೆದು ಕ್ಯಾಮೆರಾದ ಎದುರು ಹಿಡಿದಳು.

"ಬರೋ ತಿಂಗ್ಳು ನನ್ನ ಗೃಹಪ್ರವೇಶ. ಮುಖ ನೋಡಿ ಕರೀತಿದೀನಿ, ಬರ್ಬೇಕು. ಹೇಳೇ ಸುಪ್ರಿಯಾ ಅವ್ರಿಗೆ!"

ಸುಪ್ರಿಯಾ ತಡವರಿಸುತ್ತ ಹೇಳಿದಳು. ಮರೈಕೆ ಕಣ್ಣರಳಿಸಿ ಕೇಳಿ, ಏನನ್ನೋ ಬರೆದುಕೊಂಡಳು.

ಮರುದಿನ ಡಚ್ ಪ್ರಕಟಣೆ ಬಂತು: ಮುಂದಿನ ತಿಂಗಳು ಮರೈಕೆ ಕಚೇರಿಯಲ್ಲಿ ಇರುವುದಿಲ್ಲ, ಅವರಿಗೆ ಹೊಸನಗರದಿಂದ ಕರೆ ಬಂದಿದೆ.

ಸುಪ್ರಿಯಾ ಮೈಕ್ ಎತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ಮೊದಲು ರಸ್ತೆ ದಾಟಿ ಮೀನಾಕ್ಷಮ್ಮನ ಬಾಗಿಲಿಗೆ ಓಡಿದಳು.