ಮರ್ವಾ ತಲುಪುವ ಮೊದಲು

ಅಪ್ಪನ ಶವವನ್ನು ತೋಳಲ್ಲಿ ಹಿಡಿದು ಮಿಶಾರಿ ಗುಂಡಿಯೊಳಗೆ ಬಗ್ಗಿದ್ದಾಗಲೇ ಮೇಲೆ ಗಲಾಟೆ ಎದ್ದಿತು.

"ಹಿಂದೆ ಸರೀರಿ ಹಾಜಿ, ಬಿದ್ದುಗಿದ್ದೀರಿ!"

"ಬಿದ್ರೆ ಬೀಳ್ತೀನಿ. ಹತ್ರ ಬಿಡಿ ನನ್ನ."

ಯಾತ್ರಿಕರು ಉಡುವ ಇಹ್ರಾಮಿನ ಬಿಳಿ ಬಟ್ಟೆಯಲ್ಲೇ ಇದ್ದ ಮುದುಕನೊಬ್ಬ ಗಾಲಿಕುರ್ಚಿಯಲ್ಲಿ ಗೋರಿಯ ಅಂಚಿಗೆ ಬಂದಿದ್ದ. ಅಪ್ಪನ ಜೊತೆಗಾರ ಬುರೈಕ್ ಕುರ್ಚಿಯನ್ನು ಹಿಡಿದು ನಿಲ್ಲಿಸಿದ್ದ.

ಶವವನ್ನು ಮಲಗಿಸಿ ಮೇಲೆ ಹತ್ತಿ ಬಂದ ಮಿಶಾರಿ ಕೇಳಿದ, "ಯಾರಿವ್ರು, ಚಿಕ್ಕಪ್ಪ?"

"ನಿಮ್ಮಪ್ಪ ಕಡೇ ಸಲ ಕುರ್ಚೀಲಿ ತಳ್ಳಿದ್ದು ಇವರನ್ನೇ ಕಣೋ. ಮರ್ವಾ ಗುಡ್ಡ ಕಾಣ್ತಿತ್ತು, ಅಷ್ಟರಲ್ಲಿ ಕುಸಿದ. ಕುರ್ಚಿ ಹಿಡಿದ ಬೆರಳು ಬಿಡಿಸೋಕೆ ನಾನೇ ಹೋಗ್ಬೇಕಾಯ್ತು. ನಡಿಗೆ ಮುಗಿಸಿ ಬನ್ನಿ ಅಂದ್ರೆ ಈ ಯಜಮಾನ್ರು ಕೇಳ್ಲಿಲ್ಲ."

ಮಿಶಾರಿಗೆ ಇನ್ನೂ ನಂಬಿಕೆಯೇ ಬಂದಿರಲಿಲ್ಲ. ಬೆಳಿಗ್ಗೆ ಬೇಯಿಸಿದ ಕಾಳಿಗೆ ಎಣ್ಣೆ ಸಾಲದೆಂದು ಗೊಣಗಿದ್ದ ಅಪ್ಪ, ಸಂಜೆಗೆ ಮಣ್ಣಿನೊಳಗೆ. ಯಾತ್ರೆಯ ವಿಧಿಯಂತೆ ಏಳು ಸಲ ನಡೆಯಬೇಕಾದ ಸಫಾ ಮರ್ವಾ ಗುಡ್ಡಗಳ ನಡುವೆ, ನಡೆಯಲಾಗದ ಯಾತ್ರಿಕರನ್ನು ತಳ್ಳುತ್ತಲೇ ಅಪ್ಪನ ತಲೆ ನರೆತಿತ್ತು.

ಮುದುಕ ಮುಖವೆತ್ತಿದ. ಎಡಗಣ್ಣಿನ ಕೆಳಗೆ ಹಳೆಯ ಗಾಯದ ಗುರುತು. ಮಿಶಾರಿ ಗುರುತು ಹಿಡಿದ. ದೈಫುಲ್ಲಾ!

*

ಮಿಶಾರಿಯ ಅಣ್ಣ ರಾಕಾನನ ಮೇಲೆ ಕಾರು ಹರಿಸಿ ಕೊಂದವನು. ವರ್ಷಗಳ ಹಿಂದೆ ಒಂದು ದಿನ ಮನೆಗೆ ಬಂದು, ಕೊಟ್ಟ ಕಾಫಿಯ ಬಟ್ಟಲನ್ನು ನೆಲಕ್ಕಿಟ್ಟು ಕೂತಿದ್ದ.

"ಕ್ಷಮಿಸಿದೆ ಅನ್ನೋವರೆಗೂ ಕುಡಿಯೋಲ್ಲ."

ಅಪ್ಪ ಬಾಗಿ ಬಟ್ಟಲನ್ನೆತ್ತಿ ಕಾಫಿಯನ್ನು ಬಾಗಿಲಾಚೆ ಚೆಲ್ಲಿದರು. "ಕುಡಿಯೋದೇ ಬೇಡ. ಎದ್ದು ನಡಿ."

ಆಮೇಲೆ ಆ ಮನೆಯಲ್ಲಿ ಅವನ ಹೆಸರನ್ನು ಯಾರೂ ಎತ್ತಲಿಲ್ಲ.

*

"ನಮ್ಮಪ್ಪ ಅಂತ ಗೊತ್ತಿದ್ದೂ ಕುರ್ಚಿ ಹತ್ತಿದ್ಯಾ?" ಮಿಶಾರಿ ಕೇಳಿದ.

"ಅಲ್ಲಾನಾಣೆ ಇಲ್ಲ ಮಗಾ. ನಿಮ್ಮಪ್ಪ ಮುಖಕ್ಕೆ ಬಟ್ಟೆ ಸುತ್ಕೊಂಡಿದ್ದ. ದಾರೀಲಿ ಯಾರೋ 'ಅಬೂ ರಾಕಾನ್' ಅಂತ ಕೂಗಿದ್ರು. ರಾಕಾನನ ಅಪ್ಪ! ನನ್ನ ಜೀವವೇ ಹಾರಿಹೋಯ್ತು. ಇಳೀತೀನಿ ಅಂದೆ. ಭುಜ ಅದುಮಿ, 'ಕೂತ್ಕೋ ದೈಫುಲ್ಲಾ, ಅರ್ಧಕ್ಕೆ ಬಿಡಬಾರ್ದು' ಅಂದ."

"ಹೆಸರು ಹಿಡಿದು ಕರೆದ್ರಾ?"

"ಹೂಂ. ಸಫಾದಲ್ಲಿ ನನ್ನನ್ನ ಮಗುವಿನ ಹಾಗೆ ಎತ್ತಿ ಕೂರಿಸಿದ್ದ. ನಾನ್ಯಾರು ಅಂತ ಆಗ್ಲೇ ಅವನಿಗೆ ಗೊತ್ತಿತ್ತು."

ಮಿಶಾರಿ ಕುರ್ಚಿಯ ಹತ್ತಿರ ಸರಿದ. ಕೇಳಿದ, "ಕ್ಷಮಿಸಿದೆ ಅಂದ್ರಾ?"

"ಅದನ್ನೇ ಕೇಳೋಣ ಅಂತ ಬಾಯಿ ತೆರೆದೆ. ಕುರ್ಚಿ ನಿಂತುಹೋಯ್ತು."

ಸುತ್ತಲಿದ್ದವರು ಗುಂಡಿಗೆ ಮಣ್ಣು ಹಾಕತೊಡಗಿದ್ದರು.

"ಕಳಿಸಿಬಿಡ್ಲೇನೋ ಇವನ್ನ?" ಬುರೈಕ್ ಕಿವಿಯ ಬಳಿ ಪಿಸುಗುಟ್ಟಿದ.

ದೈಫುಲ್ಲಾ ಕುರ್ಚಿಯಿಂದ ಬಾಗಿ ಬಾಗಿ ಒಂದು ಹಿಡಿ ಮಣ್ಣಿಗಾಗಿ ನೆಲಕ್ಕೆ ಕೈ ಚಾಚುತ್ತಿದ್ದ. ಎಟುಕುತ್ತಿರಲಿಲ್ಲ. ಮಿಶಾರಿ ಕುಕ್ಕರಗಾಲಲ್ಲಿ ಕೂತು, ಬೊಗಸೆ ತುಂಬ ಮಣ್ಣು ಬಾಚಿ ಆ ಮುದಿ ಅಂಗೈಗೆ ಸುರಿದ. ಅರ್ಧ ಮಣ್ಣು ಜಾರಿ ಬಿಳಿ ಇಹ್ರಾಮಿನ ಮಡಿಲಿಗೆ ಬಿತ್ತು. ಅದನ್ನು ಇಬ್ಬರೂ ಕೊಡವಲಿಲ್ಲ.