ಎರಡು ವಿಭಾಗ, ಒಂದೇ ಉತ್ತರ

"ನಾ ಗ್ರೇಡ್ ಕೇಳಾಕ ಬಂದಿಲ್ರಿ, ಕಾರಣ ಕೇಳಾಕ ಬಂದೀನಿ," ಎಂದು ಭರತ ಎರಡನೇ ಸಲ ಹೇಳಿದ. ಹೆಡ್‌ಮಿಸ್ಟ್ರೆಸ್ ಜಿನಮತಿ ಮ್ಯಾಡಂ ಮತ್ತೆ ಅದೇ ನಗು ನಕ್ಕರು.

ಮೇಜಿನ ಮೇಲೆ ಎರಡು ಪ್ರಾಜೆಕ್ಟ್ ಹಾಳೆಗಳು. ಒಂದು ಅವನ ಮಗಳು ಕೋಮಲಳದು, ಇನ್ನೊಂದು ಪಕ್ಕದ ಮನೆಯ ಪೂನಮಳದು. ಇಬ್ಬರೂ ಏಳನೇ ತರಗತಿ, ವಿಭಾಗ ಬೇರೆ. ಶೇಡಬಾಳದ ಮಾವನ ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿ ಮಣೂಕವಾಗುವುದನ್ನು ಒಟ್ಟಿಗೆ ಕೂತು ನೋಡಿ ಬರೆದದ್ದು. ಅಕ್ಷರಕ್ಕೆ ಅಕ್ಷರ ಒಂದೇ. ಪೂನಮಳಿಗೆ 'ಎ', ಕೋಮಲಳಿಗೆ 'ಬಿ'.

ಮೂರು ದಿನದಿಂದ ಕೋಮಲ ಪುಸ್ತಕ ಮುಟ್ಟಿಲ್ಲ. ಯಾವ ಸಾಲು ತಪ್ಪು, ಅಷ್ಟು ಹೇಳಿದರೆ ಸಾಕೆಂಬ ಹಟ. ಅವನು ಹತ್ತು ಸಲ ಓದಿದ್ದ, ತಪ್ಪು ಸಿಕ್ಕಿರಲಿಲ್ಲ. ಸ್ವತಃ ಮಾಸ್ತರನಾದವನಿಗೆ ಮಗಳೆದುರು ಇದಕ್ಕಿಂತ ನಾಚಿಕೆ ಬೇಕೇ?

"ಸೆಕ್ಷನ್ ಬ್ಯಾರೆ, ಟೀಚರ್ ಬ್ಯಾರೆ ಸರ. ನಿಮ್ಮ ಸಾಲ್ಯಾಗ ನೀವ್ ಹೆಂಗ ಹಾಕ್ತೀರಿ?"

ರಾಯಬಾಗ ಕಡೆಯ ತನ್ನ ಹಳ್ಳಿಶಾಲೆಯಲ್ಲಿ ಭರತ ಎಲ್ಲರಿಗೂ 'ಬಿ ಪ್ಲಸ್' ಹಾಕುತ್ತಾನೆ. 'ಎ' ಹಾಕಿದರೆ ತಪಾಸಣೆಗೆ ಬಂದ ಸಾಹೇಬರು ಮಕ್ಕಳನ್ನು ಎಬ್ಬಿಸಿ ಓದಿಸುತ್ತಾರೆ. 'ಸಿ' ಹಾಕಿದರೆ ವರದಿ ಬರೆಯಬೇಕು. ನಾಲ್ಕು ವರ್ಷದಲ್ಲಿ ಒಬ್ಬ ತಂದೆಯೂ ಬಂದು ಯಾಕೆಂದು ಕೇಳಿಲ್ಲ.

"ನೋಡಿ ಹಾಕ್ತೀನ್ರಿ," ಎಂದ.

"ನಾವೂ ನೋಡೇ ಹಾಕಿರ್ತೀವ್ರಿ." ಮ್ಯಾಡಂ ಪೆನ್ನು ತೆಗೆದು 'ಬಿ' ಹೊಡೆದುಹಾಕಿ, 'ಎ' ಬರೆದು, ಸಹಿ ಮಾಡಿ ಹಾಳೆಯನ್ನು ಅವನತ್ತ ಸರಿಸಿದರು. "ಆತಲ್ರಿ? ನಾವ್ ನಾವ ಒಂದೇ ಕೆಲಸದವ್ರು."

ಬೇಡ ಎನ್ನಬೇಕಿತ್ತು. ಥ್ಯಾಂಕ್ಸ್ ಎಂದ. ಅಂದ ಮೇಲೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಹೊರಗೆ ಕಾಯುತ್ತಿದ್ದ ಕೋಮಲ ಹಾಳೆ ತೆಗೆದುಕೊಂಡು ನೋಡಿದಳು.

"ತಪ್ಪ ಎಲ್ಲಿತ್ತಂತ ಪಪ್ಪಾ?"

"ತಪ್ಪ ಇರಲಿಲ್ಲ."

"ಮತ್ತ ಮದಲ ಬಿ ಯಾಕ ಕೊಟ್ರು?"

"ಎ ಬಂತಲ್ಲ ಈಗ. ಗಾಡಿ ಹತ್ತು."

ನಿಪ್ಪಾಣಿಯ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ನಿಂತಿತ್ತು. ಭರತ ಬೈಕ್ ನಿಲ್ಲಿಸಿದ. ಹಿಂದೆ ಕೂತ ಕೋಮಲ ಅವನ ಬೆನ್ನ ಮೇಲೆ ಬೆರಳಿನಿಂದ ಏನೋ ಬರೆಯತೊಡಗಿದಳು. ಒಂದೇ ಅಕ್ಷರ. ಬರೆದು, ಅಂಗೈಯಿಂದ ಒರೆಸಿ, ಮತ್ತೆ ಬರೆಯುತ್ತಿದ್ದಳು. ಯಾವುದೆಂದು ತಿಳಿಯಲು ಅವನು ಉಸಿರು ಬಿಗಿಹಿಡಿದು ಬೆನ್ನು ನೆಟ್ಟಗೆ ಮಾಡಿ ಕೂತ. ಟ್ರ್ಯಾಕ್ಟರ್ ಸರಿದುಹೋಗಿ ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರೂ ಹಾಗೇ ಕೂತಿದ್ದ.